ಬಿಸಿಯಾದೊಡನೆ ನಿಲ್ಲುತ್ತಿದ್ದ ಮಾರಿಸ್ ಮೈನರ್

ಬಸವನಗುಡಿಯ ನಮ್ಮ ಹಳೆಯ ಮನೆಯ ಷೆಡ್ಡಿನಲ್ಲಿ 1958ರ ಒಂದು ಮಾರಿಸ್ ಮೈನರ್ 1000 ಇದೆ. ದೊಡ್ಡಪ್ಪನವರು ಅದನ್ನು ಸೆಕೆಂಡ್‌ಹ್ಯಾಂಡ್ ಆಗಿ ಕೊಂಡಿದ್ದರು. ನೋಂದಣಿ ಸಂಖ್ಯೆ ಇಂದಿಗೂ ಮೈಸೂರು ರಾಜ್ಯದ ಕಾಲದ ‘ಎಂವೈ’ ಅಕ್ಷರಗಳಿಂದಲೇ ಆರಂಭವಾಗುತ್ತದೆ. ಈ ವರ್ಷದ ಫೆಬ್ರವರಿಯಿಂದ ಅದಕ್ಕೆ ಒಂದೇ ರೋಗ ಹಿಡಿದಿತ್ತು. ಬೆಳಗ್ಗೆ ಮೊದಲ ಎಳೆತಕ್ಕೇ ಸ್ಟಾರ್ಟ್ ಆಗುತ್ತಿತ್ತು, ಇಪ್ಪತ್ತು ಇಪ್ಪತ್ತೈದು ನಿಮಿಷ ಚೆನ್ನಾಗಿ ಓಡುತ್ತಿತ್ತು. ಬಳಿಕ ಯಾವುದಾದರೂ ಸಿಗ್ನಲ್ಲಿನಲ್ಲಿ ನಿಂತಾಗ ಎರಡು ಬಾರಿ ಮಿಸ್ ಹೊಡೆದು ಆರಿಹೋಗುತ್ತಿತ್ತು. ಕಾಲು ಗಂಟೆ ಬಿಟ್ಟು ನೋಡಿದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಸ್ಟಾರ್ಟ್. ಈ ಒಂದು ರೋಗವನ್ನು ಗುರುತಿಸುವುದಕ್ಕೆ ನನಗೆ ಮೂರು ತಿಂಗಳು ಹಿಡಿಯಿತು. ಅದರಲ್ಲಿ ಎರಡು ತಿಂಗಳು ವ್ಯರ್ಥವಾದದ್ದಕ್ಕೆ ಕಾರಿನ ತಪ್ಪೇನೂ ಇರಲಿಲ್ಲ, ನಾನು ಯೋಚಿಸಿದ ಕ್ರಮದಲ್ಲಿಯೇ ದೋಷವಿತ್ತು; ಆದ್ದರಿಂದ ಮಾಡಿದ ಕೆಲಸವನ್ನು ಮಾತ್ರವಲ್ಲದೆ ದಾರಿ ತಪ್ಪಿದ ಬಗೆಯನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ಈ ಕಾರನ್ನು ಕಾಣದವರಿಗಾಗಿ ಎರಡು ಮಾತು. ಅಲೆಕ್ ಇಸ್ಸಿಗೋನಿಸ್ ವಿನ್ಯಾಸಗೊಳಿಸಿದ ಮಾರಿಸ್ ಮೈನರ್ 1948ರಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನದಲ್ಲಿ ಹೊರಬಂದಿತು. ಇದೇ ಮನುಷ್ಯ ಹನ್ನೊಂದು ವರ್ಷಗಳ ನಂತರ ಮಿನಿ ಕಾರನ್ನು ಕೊಟ್ಟವನು. ತಯಾರಿಕೆಗೆ ಹೋಗುವ ಮುನ್ನ ಮಾದರಿ ಕಾರು ತೀರ ಕಿರಿದಾಗಿದೆಯೆನ್ನಿಸಿ, ಅದನ್ನು ಉದ್ದಕ್ಕೆ ಸೀಳಿ ನಾಲ್ಕು ಅಂಗುಲ ಅಗಲ ಮಾಡಿಸಿದನು. ಬಾನೆಟ್ಟಿನ ನಟ್ಟನಡುವೆ ಓಡುವ ಚಪ್ಪಟೆ ಪಟ್ಟಿ ಆ ಸೀಳಿನ ಗುರುತೆಂದು ನಮ್ಮ ಮನೆಗೆ ಬರುವ ಮಕ್ಕಳಿಗೆಲ್ಲ ತೋರಿಸುತ್ತೇನೆ. 1956ರಲ್ಲಿ 803 ಸಿಸಿಯ ಎಂಜಿನ್ನಿನ ಜಾಗಕ್ಕೆ 948 ಸಿಸಿಯದು ಬಂದು ‘ಮೈನರ್ 1000’ ಎಂಬ ಹೆಸರಾಯಿತು. ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಒಂದು ಎಸ್‌ಯು ಕಂಪನಿಯ ಕಾರ್ಬೊರೇಟರ್, ವಿದ್ಯುತ್ತಿನಿಂದ ನಡೆಯುವ ಎಸ್‌ಯು ಪೆಟ್ರೋಲ್ ಪಂಪು, ಕಿಡಿಯನ್ನು ಪ್ಲಗ್ಗುಗಳಿಗೆ ಹಂಚುವ ಲೂಕಸ್ ಕಂಪನಿಯ ಡಿಸ್ಟ್ರಿಬ್ಯೂಟರ್, ಬ್ಯಾಟರಿಗೆ ವಿದ್ಯುತ್ ತುಂಬುವ ಡೈನಮೊ ಇವೆಲ್ಲ ಕೈಗೆ ಸಿಗುವಂತೆ ಹರಡಿಕೊಂಡಿರುವುದರಿಂದ ಬಾನೆಟ್ ಎತ್ತಿದರೆ ನೆಲವೂ ಕಾಣಿಸುತ್ತದೆ. ಬ್ಯಾಟರಿಯ ಪಾಸಿಟಿವ್ ತುದಿ ಕಾರಿನ ಲೋಹದ ಮೈಗೆ ಜೋಡಿಸಿ ಅರ್ತ್ ಆಗಿರುತ್ತದೆ ಎಂಬುದೊಂದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಈ ಕಥೆಯ ಅರ್ಧ ಭಾಗ ಅದರ ಮೇಲೆಯೇ ನಿಂತಿದೆ.

ಬಿಸಿಯಾದಾಗ ನಿಲ್ಲುತ್ತದೆ, ತಣ್ಣಗಾದಾಗ ಓಡುತ್ತದೆ ಎಂದೊಡನೆ ಕೇಳಿದವರೆಲ್ಲರೂ ಒಂದೇ ಮಾತು ಹೇಳಿದರು: ವೇಪರ್ ಲಾಕ್. ಪೆಟ್ರೋಲು ಪೈಪಿನಲ್ಲಿಯೇ ಕುದಿದು ಆವಿಯಾಗುತ್ತದೆ, ಪಂಪು ದ್ರವವನ್ನು ಬಿಟ್ಟು ಆವಿಯನ್ನು ಎಳೆಯುತ್ತದೆ, ಎಂಜಿನ್ನಿಗೆ ಹೊಟ್ಟೆಗಿಲ್ಲದೆ ನಿಲ್ಲುತ್ತದೆ. ಮಾತು ನಂಬುವಂಥದ್ದೇ ಆಗಿತ್ತು. ಈ ಎಂಜಿನ್ನಿನಲ್ಲಿ ಕಾರ್ಬೊರೇಟರೂ ಬಿಸಿ ಹೊಗೆಯನ್ನು ಸೈಲೆನ್ಸರಿಗೆ ಒಯ್ಯುವ ಮ್ಯಾನಿಫೋಲ್ಡ್ ಕೊಳವೆಯೂ ಒಂದೇ ಮಗ್ಗುಲಿನಲ್ಲಿವೆ. ಕಾರ್ಬೊರೇಟರ್ ಒಲೆಯ ಮೇಲಿಟ್ಟ ಪಾತ್ರೆಯಂತೆ ಕುಳಿತಿರುತ್ತದೆ. ಜೊತೆಗೆ, ಶೇಕಡ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಚಾಲನೆ ದೊರೆತದ್ದು ಇದೇ ಬೆಂಗಳೂರಿನಲ್ಲಿ. ಎಥನಾಲ್ ಸುಮಾರು 78 ಡಿಗ್ರಿಗೇ ಕುದಿಯುವ ವಸ್ತು, ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವುದರಿಂದ ನೀರು ಕೂಡ ಇಲ್ಲಿ 97 ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿಯುತ್ತದೆ. ಇಷ್ಟೆಲ್ಲ ಸಾಕ್ಷಿ ಇರುವಾಗ ಬೇರೆ ಆರೋಪಿಯನ್ನು ಹುಡುಕುವ ಗೋಜಿಗೆ ನಾನು ಹೋಗಲಿಲ್ಲ.

ದೊಡ್ಡಪ್ಪನವರು ಹಿಂದಿನ ಅಂಬಾಸಿಡರ್ ಚಾಲಕರೆಲ್ಲ ಮಾಡುತ್ತಿದ್ದ ಉಪಾಯವನ್ನೇ ಸೂಚಿಸಿದರು: “ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕೋ, ಕಾಲು ಗಂಟೆ ಬಿಟ್ಟು ಸ್ಟಾರ್ಟ್ ಮಾಡು, ಮನೆ ಮುಟ್ಟುತ್ತೀಯ.” ಅಂದಿನಿಂದ ಡ್ಯಾಷ್‌ಬೋರ್ಡಿನ ಕೆಳಗಿನ ತಟ್ಟೆಯಲ್ಲಿ ಒಂದು ಹಳೆಯ ಟವಲ್ಲು, ಒಂದು ಬಾಟಲಿ ನೀರು ಕಾಯಂ ಆದವು. ಕಾರು ನಿಂತಾಗಲೆಲ್ಲ ಬಟ್ಟೆ ನೆನೆಸಿ ಪಂಪಿಗೆ ಸುತ್ತಿ ಕಾದೆ. ಮೂರು ಬಾರಿ ಮಾಡಿದೆ, ಮೂರು ಬಾರಿಯೂ ಕಾರು ಹೊರಟಿತು. ಇದಕ್ಕಿಂತ ದೊಡ್ಡ ಪುರಾವೆ ಬೇಕೆಂದು ನನಗೆ ಆಗ ಅನ್ನಿಸಲೇ ಇಲ್ಲ.

ಹೀಗಾಗಿ ಮಾರ್ಚ್ ತಿಂಗಳಿಡೀ ಪೆಟ್ರೋಲಿನ ದಾರಿಯನ್ನು ಸರಿಪಡಿಸುವುದರಲ್ಲಿ ಕಳೆಯಿತು. ಪಂಪಿನಿಂದ ಕಾರ್ಬೊರೇಟರಿಗೆ ಹೋಗುವ ಮೆದು ಪೈಪನ್ನು ಬಿಚ್ಚಿ ಉದ್ದಕ್ಕೆ ಕತ್ತರಿಸಿ ನೋಡಿದಾಗ ಒಳಗಿನ ರಬ್ಬರು ಊದಿಕೊಂಡು, ಉಗುರಿನಲ್ಲಿ ಕೆರೆದರೆ ಕಪ್ಪು ಮಸಿಯಂತೆ ಉದುರುತ್ತಿತ್ತು. ಹಳೆಯ ಕಾಲದ ರಬ್ಬರಿಗೆ ಎಥನಾಲ್ ಆಗಿಬರುವುದಿಲ್ಲ. ಎಥನಾಲ್ ತಾಳುವ ಹೊಸ ಪೈಪನ್ನು ಹಾಕಿ, ಅದನ್ನು ಮ್ಯಾನಿಫೋಲ್ಡಿನಿಂದ ದೂರ ಸರಿಸಿ ಕಟ್ಟಿದೆ. ಕಾರ್ಬೊರೇಟರಿಗೆ ಬೇಕಾದ ಪೆಟ್ರೋಲ್ ನಿಲ್ಲುವ ಫ್ಲೋಟ್ ಬಟ್ಟಲನ್ನು ತೆರೆದರೆ ತಳದಲ್ಲಿ ಕಂದು ಬಣ್ಣದ ಮೆತ್ತನೆಯ ಮಡ್ಡಿ, ಅದನ್ನು ತೊಳೆದೆ. ಪಂಪಿನ ಜಾಲರಿಯನ್ನು ಬಿಚ್ಚಿ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದೆ, ಪಂಪಿನ ತಲೆಯ ಮೇಲಿನ ಬೇಕಲೈಟ್ ಮುಚ್ಚಳವನ್ನು ತೆಗೆದು ಒಳಗೆ ವಿದ್ಯುತ್ತನ್ನು ಕೂಡಿಸಿ ಕಡಿಯುವ ಚಿಕ್ಕ ಪಾಯಿಂಟುಗಳ ನಡುವೆ ದಪ್ಪ ಕಾಗದದ ಚೂರನ್ನು ಎಳೆದು ಶುಚಿ ಮಾಡಿದೆ. ಕಾರ್ಬೊರೇಟರ್ ಮತ್ತು ಮ್ಯಾನಿಫೋಲ್ಡಿನ ನಡುವೆ ಅಲ್ಯೂಮಿನಿಯಂ ತಗಡಿನ ಒಂದು ಮರೆಯನ್ನೂ ಕತ್ತರಿಸಿ ಕೂರಿಸಿದೆ. ಇವೆಲ್ಲ ಹೇಗಿದ್ದರೂ ಮಾಡಬೇಕಾದ ಕೆಲಸಗಳೇ, ಮಾಡಿದ್ದಕ್ಕೆ ಪಶ್ಚಾತ್ತಾಪವಿಲ್ಲ. ಆದರೆ ಎಲ್ಲ ಮುಗಿಸಿ ಗಾಂಧಿ ಬಜಾರಿನ ಕಡೆಗೆ ಹೊರಟ ದಿನ, ಸರಿಯಾಗಿ ಇಪ್ಪತ್ತಮೂರನೆಯ ನಿಮಿಷಕ್ಕೆ, ಹೂವಿನ ಅಂಗಡಿಗಳ ಮುಂದೆ ಕಾರು ನಿಂತಿತು. ಹೂ ಕಟ್ಟುತ್ತಿದ್ದ ಅಜ್ಜಿಯೊಬ್ಬರು ತಲೆ ಎತ್ತಿ ನೋಡಿ, ನನಗಿಂತ ಮೊದಲೇ ವಿಷಯ ಅರ್ಥವಾದವರಂತೆ ತಮ್ಮ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿಕೊಂಡರು.

ಆ ದಿನ ಟವಲ್ಲು ಒಗೆಯಲು ಹೋಗಿತ್ತು. ಬಟ್ಟೆಯಿಲ್ಲದೆ ಸುಮ್ಮನೆ ಕಾದೆ. ಹದಿನೇಳು ನಿಮಿಷಕ್ಕೆ ಸ್ಟಾರ್ಟ್ ಆಯಿತು. ಮನೆಗೆ ಬಂದು ನನ್ನ ನೋಟ್‌ಬುಕ್ಕನ್ನು ತೆರೆದರೆ, ಒದ್ದೆ ಬಟ್ಟೆ ಹಾಕಿದ ಮೂರು ಸಲದ ಲೆಕ್ಕ ಹದಿನಾರು, ಹದಿನೆಂಟು, ಹದಿನೇಳು ನಿಮಿಷ ಎಂದಿತ್ತು. ಬಟ್ಟೆ ಹಾಕಿದರೂ ಅಷ್ಟೇ, ಹಾಕದಿದ್ದರೂ ಅಷ್ಟೇ. ಕಾಲು ಗಂಟೆ ಹಿಡಿಯುವ ಯಾವ ಉಪಾಯವನ್ನು ಮಾಡಿದ್ದರೂ, ಬಾನೆಟ್ಟಿಗೆ ಕುಂಕುಮ ಹಚ್ಚಿ ಊದುಬತ್ತಿ ಬೆಳಗಿದ್ದರೂ, ಕಾರು ಹೊರಡುತ್ತಿತ್ತು. ವಾಸಿ ಮಾಡುತ್ತಿದ್ದದ್ದು ಕಾಯುವಿಕೆಯೇ ಹೊರತು ಬಟ್ಟೆಯಲ್ಲ.

ಇನ್ನೊಂದು ಸಾಕ್ಷಿಯೂ ಮೊದಲ ದಿನದಿಂದ ನನ್ನ ಕಿವಿಗೆ ಬೀಳುತ್ತಲೇ ಇತ್ತು, ನಾನು ಅದರ ಕಡೆಗೆ ಗಮನ ಕೊಟ್ಟಿರಲಿಲ್ಲ. ಎಸ್‌ಯು ಪಂಪು ಮಾತನಾಡುವ ಪಂಪು. ಬೆಳಗ್ಗೆ ಕೀಲಿ ತಿರುಗಿಸಿದೊಡನೆ ಟಕಟಕನೆ ಬಡಿದು, ಫ್ಲೋಟ್ ಬಟ್ಟಲು ತುಂಬಿದ ಮೇಲೆ ನಿಧಾನವಾಗಿ ಸುಮ್ಮನಾಗುತ್ತದೆ. ದ್ರವದ ಬದಲು ಆವಿಯನ್ನೋ ಗಾಳಿಯನ್ನೋ ಎಳೆಯುತ್ತಿದ್ದರೆ ತಡೆಯಿಲ್ಲದ್ದರಿಂದ ನಿಲ್ಲದೆ ವೇಗವಾಗಿ ಬಡಿಯುತ್ತಲೇ ಇರುತ್ತದೆ. ನಮ್ಮ ಕಾರು ನಿಂತಾಗಲೆಲ್ಲ ಕೀಲಿ ತಿರುಗಿಸಿದರೆ ಪಂಪು ಒಂದೆರಡು ಬಾರಿ ಟಕ್ ಎಂದು ಸುಮ್ಮನಾಗುತ್ತಿತ್ತು. ಅಂದರೆ ಬಟ್ಟಲು ತುಂಬಿತ್ತು. ಪೆಟ್ರೋಲ್ ಇದೆಯೆಂದು ಪಂಪು ಅಷ್ಟು ಸ್ಪಷ್ಟವಾಗಿ ಹೇಳುತ್ತಿದ್ದಾಗ ನಾನು ಅದರ ಬಾಯಿಗೆ ಒದ್ದೆ ಬಟ್ಟೆ ತುರುಕುತ್ತಿದ್ದೆ.

ಮುಂದಿನ ಭಾನುವಾರ ಕಾರನ್ನು ನಿಲ್ಲಿಸುವ ಉದ್ದೇಶದಿಂದಲೇ ಹೊರಟೆ. ಡಿಕ್ಕಿಯಲ್ಲಿ ಒಂದು ಹೊಸ ಸ್ಪಾರ್ಕ್ ಪ್ಲಗ್, ಮಲ್ಟಿಮೀಟರ್, ಬಿಗಿ ಮುಚ್ಚಳದ ಒಂದು ಲೀಟರಿನ ಲೋಹದ ಡಬ್ಬಿ, ನಾಲ್ಕು ಸ್ಪ್ಯಾನರುಗಳು, ಬೆಂಕಿ ಆರಿಸುವ ಚಿಕ್ಕ ಸಿಲಿಂಡರ್. ಬುಲ್ ಟೆಂಪಲ್ ರಸ್ತೆಯಿಂದ ಸಜ್ಜನ್‌ರಾವ್ ಸರ್ಕಲ್, ಮಿನರ್ವ ಸರ್ಕಲ್, ಲಾಲ್‌ಬಾಗ್ ಪಶ್ಚಿಮ ದ್ವಾರ, ಸೌತ್ ಎಂಡ್ ಸರ್ಕಲ್ ಎಂದು ಮನೆಯ ಸುತ್ತಲೇ ಸುತ್ತು ಹೊಡೆದೆ. ಎರಡನೆಯ ಸುತ್ತಿನಲ್ಲಿ, ಮಿನರ್ವ ಸರ್ಕಲ್ಲಿನ ಸಿಗ್ನಲ್ ದಾಟಿದೊಡನೆ ಅದು ನಿರಾಸೆಗೊಳಿಸದೆ ನಿಂತಿತು. ಕಾರು ನಿಂತಿತೆಂದು ಸಂತೋಷಪಟ್ಟದ್ದು ಅದೇ ಮೊದಲು.

ಮೊದಲು ಪೆಟ್ರೋಲಿನ ಪರೀಕ್ಷೆ. ಕಾರ್ಬೊರೇಟರಿನ ಪೈಪನ್ನು ಕಳಚಿ ಬಿಸಿ ಭಾಗಗಳಿಂದ ದೂರಕ್ಕೆ ತಂದು ಡಬ್ಬಿಯೊಳಗೆ ಬಿಟ್ಟು ಕೀಲಿ ತಿರುಗಿಸಿದೆ. ಒಂದು ನಿಮಿಷ ತುಂಬುವುದರೊಳಗೆ ಅರ್ಧ ಲೀಟರಿಗೂ ಮಿಕ್ಕಿ, ಗುಳ್ಳೆಗಳಿಲ್ಲದ ಪೆಟ್ರೋಲ್ ಬಂದಿತು. ಊರೊಳಗೆ ಓಡುವಾಗ ಎಂಜಿನ್ನಿಗೆ ಅದರ ಕಾಲು ಭಾಗವೂ ಬೇಡ. ಪೈಪನ್ನು ಮತ್ತೆ ಬಿಗಿದು, ಡಬ್ಬಿಯ ಮುಚ್ಚಳ ಹಾಕಿ ಡಿಕ್ಕಿಯಲ್ಲಿಟ್ಟು, ಚೆಲ್ಲಿದ ಎರಡು ಹನಿ ಆರುವವರೆಗೆ ಕಾದು, ಆಮೇಲೆ ಕಿಡಿಯ ಪರೀಕ್ಷೆಗೆ ಕೈಹಾಕಿದೆ. ಈ ಎರಡನ್ನೂ ಒಟ್ಟೊಟ್ಟಿಗೆ ಮಾಡಲು ಹೋಗುವವರು ಹಳೆಯ ಕಾರಿನ ಜೊತೆಗೆ ಹುಬ್ಬನ್ನೂ ಕಳೆದುಕೊಳ್ಳುತ್ತಾರೆ. ಹೊಸ ಪ್ಲಗ್ಗನ್ನು ತಂತಿಗೆ ಸಿಕ್ಕಿಸಿ ಎಂಜಿನ್ನಿನ ಲೋಹಕ್ಕೆ ತಾಗಿಸಿಟ್ಟು ಸೆಲ್ಫ್ ಎಳೆಸಿದಾಗ ಕಂಡದ್ದು ಕೆಂಪಗಿನ, ಕೂದಲೆಳೆಯಂಥ, ಆಗಾಗ ತಪ್ಪುವ ಕಿಡಿ. ಗಟ್ಟಿಯಾದ ಕಿಡಿ ನೀಲಿಯಾಗಿ ಚಟ್ ಎಂದು ಸದ್ದು ಮಾಡಬೇಕು. ಬ್ಯಾಟರಿಯ ವೋಲ್ಟೇಜನ್ನು ಕಿಡಿಗೆ ಬೇಕಾದಷ್ಟು ಏರಿಸುವ ಕಾಯಿಲಿನ ಮೇಲೆ ಬೆರಳಿಟ್ಟರೆ ಎರಡು ಸೆಕೆಂಡ್ ಕೂಡ ಇಡಲಾಗಲಿಲ್ಲ. ಹದಿನೇಳು ನಿಮಿಷದ ಬಳಿಕ, ಕಾಯಿಲನ್ನು ಕೈಯಲ್ಲಿ ಹಿಡಿಯಬಹುದಾದಷ್ಟು ತಣಿದಾಗ, ಕಿಡಿ ನೀಲಿಯಾಗಿತ್ತು.

ಎರಡು ವರ್ಷದ ಹಿಂದೆ ಹಳೆಯ ಕಾಯಿಲ್ ಎಣ್ಣೆ ಸೋರುತ್ತಿದೆಯೆಂದು ಒಂದು ಗ್ಯಾರೇಜಿನಲ್ಲಿ ಹೊಸದನ್ನು ಹಾಕಿಸಿದ್ದೆ. ಕಾಯಿಲ್ ಎಂದರೆ ಕಾಯಿಲ್, ಹನ್ನೆರಡು ವೋಲ್ಟ್ ಎಂದರೆ ಹನ್ನೆರಡು ವೋಲ್ಟ್ ಎಂದುಕೊಂಡಿದ್ದ ಕಾಲ ಅದು. ಈಗ ತಂತಿಗಳನ್ನು ಕಳಚಿ ಅದರ ಎರಡು ಚಿಕ್ಕ ತುದಿಗಳ ನಡುವೆ ಮೀಟರ್ ಹಿಡಿದರೆ ವಿದ್ಯುತ್ತಿಗಿರುವ ತಡೆ 1.5 ಓಮ್ ಎಂದು ತೋರಿಸಿತು. ಈ ಕಾರಿಗೆ ಬೇಕಾದದ್ದು 3 ಓಮಿಗಿಂತ ಸ್ವಲ್ಪ ಹೆಚ್ಚು. 1.5 ಓಮಿನ ಕಾಯಿಲುಗಳು ನಂತರದ ಕಾಲದ ಕಾರುಗಳವು. ಅವುಗಳ ದಾರಿಯಲ್ಲಿ ಬ್ಯಾಲಸ್ಟ್ ಎಂಬ ಇನ್ನೊಂದು ರೆಸಿಸ್ಟರ್ ಇರುತ್ತದೆ, ಸ್ಟಾರ್ಟ್ ಮಾಡುವಾಗ ಮಾತ್ರ ಅದನ್ನು ಬಿಟ್ಟು ಬೇರೆ ದಾರಿಯಿಂದ ಕಾಯಿಲಿಗೆ ಪೂರ್ತಿ ವಿದ್ಯುತ್ ಕೊಡಲಾಗುತ್ತದೆ. ನಮ್ಮ ಕಾರಿನಲ್ಲಿ ಬ್ಯಾಲಸ್ಟ್ ಇಲ್ಲ. ಲೆಕ್ಕ ಸರಳವಾಗಿದೆ: 13 ವೋಲ್ಟಿಗೆ 3.2 ಓಮ್ ಇದ್ದರೆ 4 ಆಂಪಿಯರ್, ಸುಮಾರು 50 ವಾಟ್, 1.5 ಓಮ್ ಇದ್ದರೆ 8 ಆಂಪಿಯರಿಗೂ ಹೆಚ್ಚು, 110 ವಾಟ್ ದಾಟುತ್ತದೆ. ಕಾಯಿಲಿನ ವಿದ್ಯುತ್ತನ್ನು ಕೂಡಿಸಿ ಕಡಿಯುವ, ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟುಗಳು ಮುಚ್ಚಿರುವಷ್ಟು ಹೊತ್ತೂ ಈ ಬಿಸಿ ಕಾಯಿಲಿನ ಚಿಕ್ಕ ಡಬ್ಬಿಯೊಳಗೆ ಹುಟ್ಟುತ್ತದೆ. ಎಂಜಿನ್ ನಿಧಾನವಾಗಿ ತಿರುಗುವಾಗ ಪ್ರತಿ ಬಾರಿಯೂ ಪಾಯಿಂಟುಗಳು ಹೆಚ್ಚು ಹೊತ್ತು ಮುಚ್ಚಿದ್ದು ವಿದ್ಯುತ್ ಪೂರ್ಣ ಪ್ರಮಾಣಕ್ಕೆ ಏರುತ್ತದೆ, ಸಿಗ್ನಲ್ಲಿನಲ್ಲಿ ನಿಂತಾಗ ತಣ್ಣನೆಯ ಗಾಳಿಯೂ ಇರುವುದಿಲ್ಲ. ಮೈಸೂರು ರಸ್ತೆಯಲ್ಲಿ ಬೆಳಗಿನ ಜಾವ ಒಂದು ಗಂಟೆ ಓಡಿಸಿದಾಗ ನಿಲ್ಲದೆ, ಬಸವನಗುಡಿಯ ಸಂಜೆಯ ದಟ್ಟಣೆಯಲ್ಲಿ ಮಾತ್ರ ನಿಲ್ಲುತ್ತಿದ್ದುದರ ಗುಟ್ಟು ಇಷ್ಟೇ ಆಗಿತ್ತು.

ಅಷ್ಟರಲ್ಲಿಯೇ ಮುಗಿಯಲಿಲ್ಲ. ಹಳೆಯ ಲೂಕಸ್ ಕಾಯಿಲುಗಳ ತುದಿಗಳ ಮೇಲೆ ‘ಎಸ್‌ಡಬ್ಲ್ಯು’, ‘ಸಿಬಿ’ ಎಂದಿರುತ್ತಿತ್ತು. ಒಂದು ಸ್ವಿಚ್ಚಿನ ಕಡೆಗೆ, ಇನ್ನೊಂದು ಡಿಸ್ಟ್ರಿಬ್ಯೂಟರಿನ ಕಡೆಗೆ. ಈಗಿನ ಕಾಯಿಲುಗಳ ಮೇಲೆ ಕೂಡುವ, ಕಳೆಯುವ ಚಿಹ್ನೆಗಳಿರುತ್ತವೆ. ಪಾಸಿಟಿವ್ ಅರ್ತ್ ಇರುವ ಕಾರಿನಲ್ಲಿ ಕೂಡುವ ಚಿಹ್ನೆಯ ತುದಿ ಡಿಸ್ಟ್ರಿಬ್ಯೂಟರಿಗೆ ಹೋಗಬೇಕು. ಗ್ಯಾರೇಜಿನ ಹುಡುಗ ಉಳಿದೆಲ್ಲ ಕಾರುಗಳಂತೆ ಅದನ್ನು ಸ್ವಿಚ್ಚಿಗೆ ಕೊಟ್ಟಿದ್ದ. ಹಾಗೆ ಕೊಟ್ಟರೂ ಕಾರು ಓಡುತ್ತದೆ, ಅದೇ ತೊಂದರೆ, ತಪ್ಪು ಬಚ್ಚಿಟ್ಟುಕೊಳ್ಳುತ್ತದೆ. ಪ್ಲಗ್ಗಿನ ನಡುವಿನ ಕಡ್ಡಿ ಸುತ್ತಲಿನ ಲೋಹಕ್ಕಿಂತ ಬಹಳ ಬಿಸಿಯಾಗಿರುತ್ತದೆ, ಬಿಸಿ ಲೋಹದಿಂದ ಎಲೆಕ್ಟ್ರಾನುಗಳು ಸುಲಭವಾಗಿ ಹೊರಹಾರುತ್ತವೆ. ಆದ್ದರಿಂದ ನಡುವಿನ ಕಡ್ಡಿಯೇ ನೆಗೆಟಿವ್ ಆಗಿರಬೇಕು. ತಿರುವುಮುರುವಾದರೆ ಅದೇ ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ಮೊದಲೇ ಬೇಯುತ್ತಿದ್ದ ಕಾಯಿಲಿನ ಮೇಲೆ ಹೀಗೆ ಹೆಚ್ಚುವರಿ ಹೊರೆ ಬಿದ್ದಿತ್ತು. ಗ್ಯಾರೇಜಿನ ಹುಡುಗನನ್ನು ಬೈಯುವ ಮನಸ್ಸಾಗಲಿಲ್ಲ. ಪಾಸಿಟಿವ್ ಅರ್ತ್ ಇರುವ ಕಾರನ್ನು ಅವನು ಹುಟ್ಟಿದ ಮೇಲೆ ನೋಡಿದ್ದೇ ಅದೊಂದಿರಬೇಕು. ಎರಡು ವರ್ಷ ಬಾನೆಟ್ ಎತ್ತಿ ನೋಡುತ್ತಿದ್ದರೂ ಆ ಚಿಹ್ನೆ ನನ್ನ ಕಣ್ಣಿಗೆ ಬೀಳದಿದ್ದುದಕ್ಕೆ ಮಾತ್ರ ನನ್ನಲ್ಲಿ ಸಮರ್ಥನೆಯಿಲ್ಲ.

ವಾಹನಗಳ ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಯಲ್ಲಿ ಮಾರಿಸ್ ಮೈನರ್ ಎಂದರೆ ಕೌಂಟರಿನ ಹಿಂದಿನ ಹುಡುಗರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಅಲ್ಲಿ ಕೇಳಬೇಕಾದದ್ದು ಅಂಬಾಸಿಡರಿನ ಹೆಸರನ್ನು. ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯಿಂದ ಹುಟ್ಟಿದ ಅಂಬಾಸಿಡರಿನ ಹಳೆಯ 1489 ಸಿಸಿ ಪೆಟ್ರೋಲ್ ಎಂಜಿನ್ ನಮ್ಮ ಮೈನರಿನ ಎಂಜಿನ್ನಿಗೆ ಅಣ್ಣನಿದ್ದಂತೆ; ಅದನ್ನು ತಯಾರಿಸುತ್ತಿದ್ದ ಪಶ್ಚಿಮ ಬಂಗಾಳದ ಉತ್ತರಪಾರದ ಕಾರ್ಖಾನೆ 2014ರಲ್ಲಿ ತಯಾರಿಕೆ ನಿಲ್ಲಿಸಿದರೂ ಬಿಡಿಭಾಗಗಳ ಕೊರತೆ ಇನ್ನೂ ಅಷ್ಟಾಗಿ ಆಗಿಲ್ಲ. ಮೂರನೆಯ ಅಂಗಡಿಯ ಹಿರಿಯರು ಒಳಗಿನ ಅಟ್ಟದಿಂದ ಧೂಳು ಹಿಡಿದ ಡಬ್ಬಿಯೊಂದನ್ನು ಇಳಿಸಿಕೊಟ್ಟರು. ಈ ಬಾರಿ ಮೀಟರನ್ನು ಜೊತೆಗೆ ಒಯ್ದಿದ್ದೆ. ಕೌಂಟರಿನ ಮೇಲೆಯೇ ಅಳೆದೆ: 3.1 ಓಮ್. “ಮೂವತ್ತು ವರ್ಷದಿಂದ ಕಾಯಿಲ್ ಮಾರ್ತಾ ಇದ್ದೀನಿ, ಅಳೆದು ತಗೊಂಡೋರು ನೀವೇ ಮೊದಲು ಸಾರ್” ಎಂದರು. ಅದು ಮೆಚ್ಚುಗೆಯೋ ಕುಹಕವೋ ತಿಳಿಯಲಿಲ್ಲ. ಪಾಯಿಂಟುಗಳು ಸುಡದಂತೆ ಕಾಯುವ ಕಂಡೆನ್ಸರ್ ಒಂದನ್ನೂ ಕೊಂಡೆ. ಪಾಯಿಂಟುಗಳಲ್ಲಿ ಮಾತ್ರ ಡಿಸ್ಟ್ರಿಬ್ಯೂಟರಿನ ಮಾದರಿಗೆ ತಕ್ಕಂತೆ ವ್ಯತ್ಯಾಸವಿರುವುದರಿಂದ, ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ ಹೋಲಿಸಿ ತರಬೇಕು.

ಹೊಸ ಕಾಯಿಲ್ ಹಾಕಿ, ಕೂಡುವ ಚಿಹ್ನೆಯನ್ನು ಡಿಸ್ಟ್ರಿಬ್ಯೂಟರಿಗೆ ಕೊಟ್ಟು ಅದೇ ಸುತ್ತುಗಳನ್ನು ಹೊಡೆದೆ. ನಿಲ್ಲಲಿಲ್ಲ. ಆದರೆ ಗೆದ್ದೆನೆಂದು ಹೇಳುವಂತೆಯೂ ಇರಲಿಲ್ಲ. ಸಮನೆಲದಲ್ಲಿ ಆಕ್ಸಿಲರೇಟರನ್ನು ಸ್ವಲ್ಪವೇ ಒತ್ತಿ 40 ಕಿ.ಮೀ. ವೇಗದಲ್ಲಿ ಹೋಗುವಾಗ ಎಂಜಿನ್ ಬಿಕ್ಕಳಿಸುತ್ತಿತ್ತು. ನಿಂತಲ್ಲಿ ಸರಿ, ಪೂರ್ತಿ ಒತ್ತಿದರೂ ಸರಿ, ನಡುವಿನ ಹದದಲ್ಲಿ ಮಾತ್ರ ಬಿಕ್ಕಳಿಕೆ. ಈ ಚೇಷ್ಟೆ ಮೊದಲೂ ಇದ್ದಿರಬೇಕು, ದೊಡ್ಡ ರೋಗದ ನೆರಳಿನಲ್ಲಿ ಅಡಗಿತ್ತು.

ನಡುವಿನ ಹದದಲ್ಲಿ ಮಾತ್ರ ನಡೆಯುವ ಸಂಗತಿಯೊಂದು ಡಿಸ್ಟ್ರಿಬ್ಯೂಟರಿನೊಳಗಿದೆ. ಕಾರ್ಬೊರೇಟರಿನಿಂದ ಬರುವ ಸಣ್ಣ ಕೊಳವೆಯ ನಿರ್ವಾತವು ಪಾಯಿಂಟುಗಳು ಕುಳಿತಿರುವ ತಟ್ಟೆಯನ್ನು ಎಳೆದು ತಿರುಗಿಸಿ ಕಿಡಿಯನ್ನು ಮುಂಚಿತಗೊಳಿಸುತ್ತದೆ. ನಿಂತಲ್ಲಿಯೂ ಪೂರ್ತಿ ಒತ್ತಿದಾಗಲೂ ಆ ಎಳೆತ ಇರುವುದಿಲ್ಲ. ಹಾಗಿದ್ದರೆ ತಟ್ಟೆ ತಿರುಗಿದಾಗ ಏನೋ ಸಡಿಲವಾಗುತ್ತಿದೆ. ಮುಚ್ಚಳ ತೆಗೆದು, ಪಾಯಿಂಟುಗಳು ಮುಚ್ಚಿರುವಂತೆ ಎಂಜಿನ್ನನ್ನು ಕೈಯಿಂದ ತಿರುಗಿಸಿ ನಿಲ್ಲಿಸಿ, ಕೀಲಿ ತಿರುಗಿಸಿ, ಮೀಟರಿನ ಒಂದು ಕಡ್ಡಿಯನ್ನು ಆ ತಟ್ಟೆಗೂ ಇನ್ನೊಂದನ್ನು ಎಂಜಿನ್ನಿನ ಲೋಹಕ್ಕೂ ಹಿಡಿದೆ. ಎರಡೂ ಅರ್ತ್ ಆಗಿರಬೇಕಾದ್ದರಿಂದ ಸೊನ್ನೆ ತೋರಿಸಬೇಕು, 0.9 ವೋಲ್ಟ್ ತೋರಿಸಿತು. ನಿರ್ವಾತದ ಕೊಳವೆಯನ್ನು ಕಳಚಿ ಬಾಯಲ್ಲಿಟ್ಟು ಹೀರಿದೆ. ತಟ್ಟೆ ಕದಲಿತು, ಮೀಟರ್ 1.6ಕ್ಕೆ ಜಿಗಿದು, ಇಳಿದು, ಮತ್ತೆ ಜಿಗಿಯಿತು. ಷೆಡ್ಡಿನ ಬಾಗಿಲಲ್ಲಿ ನಿಂತಿದ್ದ ದೊಡ್ಡಪ್ಪ, “ಕಾರಿನ ಹಾಲು ಕುಡೀತಾ ಇದ್ದೀಯೇನೋ?” ಎಂದು ಕೇಳಿ ಒಳಗೆ ಹೋದರು.

ತಟ್ಟೆಯನ್ನು ಡಿಸ್ಟ್ರಿಬ್ಯೂಟರಿನ ಮೈಗೆ ಜೋಡಿಸುವ, ಬೆರಳಿನ ಒಂದು ಗೆಣ್ಣಿನಷ್ಟು ಉದ್ದದ ಹೆಣೆದ ಅರ್ತ್ ತಂತಿಯೊಂದಿರುತ್ತದೆ. ಅದು ನೋಡುವುದಕ್ಕೆ ಇಡಿಯಾಗಿಯೇ ಇತ್ತು. ಚಿಮುಟದಿಂದ ಮೆಲ್ಲಗೆ ಎಳೆದರೆ ಹೊದಿಕೆ ರಬ್ಬರಿನಂತೆ ಹಿಗ್ಗಿತು. ಒಳಗಿನ ಎಳೆಗಳೆಲ್ಲ ಯಾವಾಗಲೋ ಮುರಿದಿದ್ದವು. ಆರು ದಶಕಗಳಿಂದ, ಆಕ್ಸಿಲರೇಟರನ್ನು ಒತ್ತಿ ಬಿಟ್ಟಾಗಲೆಲ್ಲ ಬಾಗುತ್ತ ಬಂದ ತಂತಿ ಅದು. ತಂತಿ ಹೋದ ಮೇಲೆ ವಿದ್ಯುತ್ತು ಎರಡು ತಟ್ಟೆಗಳ ನಡುವಿನ ಎಣ್ಣೆ ಬೆರೆತ ಸಂದಿಯ ಮೂಲಕ ಹೇಗೋ ದಾರಿ ಮಾಡಿಕೊಂಡು ಹೋಗುತ್ತಿತ್ತು, ತಟ್ಟೆ ಕದಲಿದೊಡನೆ ಆ ದಾರಿಯೂ ತಪ್ಪುತ್ತಿತ್ತು. ಹೊರಗಿನ ತುದಿಯಿಂದ ಪಾಯಿಂಟಿಗೆ ಬರುವ ಇನ್ನೊಂದು ಚಿಕ್ಕ ತಂತಿಯ ಹೊದಿಕೆಯೂ ಬಿರುಕು ಬಿಟ್ಟಿತ್ತು.

ಇಲ್ಲಿ ಮನೆಯಲ್ಲಿ ಬಿದ್ದಿರುವ ಸಾಮಾನ್ಯ ತಂತಿಯನ್ನು ಹಾಕಿದರೆ ಕೆಲವೇ ತಿಂಗಳುಗಳಲ್ಲಿ ಮತ್ತೆ ಮುರಿಯುತ್ತದೆ. ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಮೀಟರುಗಳ ಕಡ್ಡಿಗೆ ಬಳಸುವ ಸಿಲಿಕಾನ್ ಹೊದಿಕೆಯ ತಂತಿ ಸಿಗುತ್ತದೆ. ಕೂದಲಿನಷ್ಟು ಸಣ್ಣ ನೂರಾರು ಎಳೆಗಳಿರುವುದರಿಂದ ದಾರದಂತೆ ಬಾಗುತ್ತದೆ, ಬಿಸಿಗೂ ಜಗ್ಗುವುದಿಲ್ಲ. ಒಂದು ಮೀಟರ್ ತಂದು ಅದರಲ್ಲಿ ಎರಡು ತುಂಡು ಕತ್ತರಿಸಿದೆ. ಬೆಸುಗೆ ಹಾಕುವಾಗ ಗಮನಿಸಬೇಕಾದದ್ದೊಂದಿದೆ: ಸೀಸ ಎಳೆಗಳ ನಡುವೆ ಮೇಲಕ್ಕೆ ಹೀರಿಕೊಂಡು ಹೋದರೆ ಅಷ್ಟು ಉದ್ದ ತಂತಿ ಕಡ್ಡಿಯಂತೆ ಗಟ್ಟಿಯಾಗಿ, ಗಟ್ಟಿಯೂ ಮೆತ್ತಗೂ ಸೇರುವ ಜಾಗದಲ್ಲಿಯೇ ಮುರಿಯುತ್ತದೆ. ತುದಿಯಿಂದ ಮೂರು ಮಿಲಿಮೀಟರ್ ದೂರದಲ್ಲಿ ಒದ್ದೆ ಹತ್ತಿಯನ್ನು ಸುತ್ತಿ ಹಿಡಿದು ಬೆಸುಗೆ ಮುಟ್ಟಿಸಿದ್ದರಿಂದ ಅದು ಅಲ್ಲಿಗೇ ನಿಂತಿತು. ಕಡೆಗೂ ಒದ್ದೆ ಬಟ್ಟೆಯಿಂದ ಒಂದು ಪ್ರಯೋಜನವಾಯಿತು. ತಟ್ಟೆ ಪೂರ್ತಿ ತಿರುಗಿದರೂ ಬಿಗಿಯಾಗದಷ್ಟು ಸಡಿಲ ಬಿಟ್ಟು, ಪಾಯಿಂಟುಗಳನ್ನು ತೆರೆಯುತ್ತ ತಿರುಗುವ ಕ್ಯಾಮಿಗೆ ತಗಲದಂತೆ ಮಡಿಸಿ ಕೂರಿಸಿದೆ. ಮತ್ತೆ ಅಳೆದಾಗ 0.04 ವೋಲ್ಟ್, ಕೊಳವೆ ಹೀರಿದರೂ ಮುಳ್ಳು ಕದಲಲಿಲ್ಲ.

ಪಾಯಿಂಟುಗಳಂತೂ 8 ಆಂಪಿಯರಿನ ಹೊಡೆತಕ್ಕೆ ಒಂದು ಕಡೆ ಗುಬಟು, ಇನ್ನೊಂದು ಕಡೆ ಕುಳಿಯಾಗಿ ನೀಲಿಗಟ್ಟಿದ್ದವು. ಹೊಸದನ್ನು ಹಾಕಿ ಅಂತರವನ್ನು 0.015 ಅಂಗುಲಕ್ಕೆ, ಎಂದರೆ 0.38 ಮಿ.ಮೀ.ಗೆ ಇಟ್ಟೆ. ಫೀಲರ್ ಗೇಜಿನ ಎಣ್ಣೆಯನ್ನು ಒರೆಸದೆ ಪಾಯಿಂಟಿನ ನಡುವೆ ತೂರಿಸಿದರೆ ಆ ಎಣ್ಣೆಯೇ ಸುಟ್ಟು ಕರಿ ಕಟ್ಟುತ್ತದೆ, ಆದ್ದರಿಂದ ಕೊನೆಯಲ್ಲಿ ಒಣ ಕಾಗದವನ್ನೊಮ್ಮೆ ಎಳೆದೆ. ತಿರುಗುತ್ತ ಒಂದೊಂದೇ ಪ್ಲಗ್ ತಂತಿಗೆ ಕಿಡಿಯನ್ನು ದಾಟಿಸುವ ರೋಟರನ್ನೂ ಪರೀಕ್ಷಿಸಿದೆ: ರೋಟರನ್ನು ಅದರ ಜಾಗದಲ್ಲಿಯೇ ಬಿಟ್ಟು, ಕಾಯಿಲಿನ ದಪ್ಪ ತಂತಿಯನ್ನು ರೋಟರಿನ ಹಿತ್ತಾಳೆಯ ತಲೆಗೆ ಮೂರು ಮಿ.ಮೀ. ದೂರದಲ್ಲಿ ಹಿಡಿದು ಪಾಯಿಂಟನ್ನು ಬೆರಳಿನಿಂದ ತೆರೆದರೆ ಕಿಡಿ ಹಾರಬಾರದು. ಹಾರಿದರೆ ರೋಟರು ಒಳಗೇ ಶಾಫ್ಟಿಗೆ ಸೋರುತ್ತಿದೆ ಎಂದರ್ಥ. ನಮ್ಮದು ಹಳೆಯದು, ಸೋರಲಿಲ್ಲ. ನಂತರ ತಂತಿ ಕಟ್ಟಿದ ಹನ್ನೆರಡು ವೋಲ್ಟಿನ ಚಿಕ್ಕ ಬಲ್ಬನ್ನು ಡಿಸ್ಟ್ರಿಬ್ಯೂಟರಿನ ತುದಿಗೂ ಅರ್ತಿಗೂ ಜೋಡಿಸಿ, ಪಾಯಿಂಟು ತೆರೆಯುವ ಕ್ಷಣಕ್ಕೆ ಬಲ್ಬ್ ಹೊತ್ತುವ ಜಾಗವನ್ನು ನೋಡಿ ಕಿಡಿ ಹಾರುವ ಟೈಮಿಂಗ್ ಕೂರಿಸಿದೆ. ಪ್ಲಗ್ ತಂತಿಗಳು 1-3-4-2ರ ಕ್ರಮದಲ್ಲಿ ಅಪ್ರದಕ್ಷಿಣವಾಗಿ ಬಂದವು.

ಕಿಡಿ ಸರಿಯಾದ ಮೇಲಷ್ಟೇ ಕಾರ್ಬೊರೇಟರನ್ನು ಮುಟ್ಟಿದೆ. ಮೊದಲು ಮುಟ್ಟಿದ್ದರೆ ಒಂದು ತಪ್ಪಿಗೆ ಇನ್ನೊಂದನ್ನು ಹೊಂದಿಸಿದಂತಾಗುತ್ತಿತ್ತು. ಬೆಂಗಳೂರಿನ ಎತ್ತರದಲ್ಲಿ ಗಾಳಿ ತೆಳುವಾಗಿರುವುದರಿಂದ ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಾಗುತ್ತದೆ. ಎಥನಾಲ್ ತನ್ನಲ್ಲಿಯೇ ಆಮ್ಲಜನಕವನ್ನು ಹೊತ್ತು ತರುವುದರಿಂದ ಮಿಶ್ರಣ ತೆಳುವಾಗುತ್ತದೆ. ಒಂದು ಇನ್ನೊಂದನ್ನು ಸ್ವಲ್ಪ ಮಟ್ಟಿಗೆ ಸರಿದೂಗಿಸುತ್ತದೆ, ಪೂರ್ತಿಯಲ್ಲ. ಎಂಜಿನ್ ಬಿಸಿಯಾದ ಮೇಲೆ ಕಾರ್ಬೊರೇಟರಿನ ಪಿಸ್ಟನ್ನನ್ನು ಒಂದು ಮಿಲಿಮೀಟರಿಗೂ ಕಡಿಮೆ ಎತ್ತಿ ಕೇಳಿದೆ: ಎಂಜಿನ್ ಒಡನೆ ಸಾಯತೊಡಗಿತು, ಅಂದರೆ ಮಿಶ್ರಣ ತೆಳು. ಕೆಳಗಿನ ಷಟ್ಕೋನದ ನಟ್ಟನ್ನು ಒಂದೊಂದೇ ಮುಖದಂತೆ ಎರಡು ಮುಖ ಕೆಳಗಿಳಿಸಿದಾಗ, ಪಿಸ್ಟನ್ ಎತ್ತಿದರೆ ವೇಗ ಒಂದು ಕ್ಷಣ ಏರಿ ಮತ್ತೆ ಹದಕ್ಕೆ ಬರತೊಡಗಿತು. ಅದೇ ಸರಿಯಾದ ಗುರುತು. ಮೇಲಿನ ಡ್ಯಾಷ್‌ಪಾಟಿನಲ್ಲಿ ಎಣ್ಣೆ ಪೂರ್ತಿ ಒಣಗಿತ್ತು, ಎಸ್‌ಎಇ 20ರ ತೆಳು ಎಣ್ಣೆ ಹಾಕಿದೆ.

ಕಾಯಿಲಿಗಾಗಿ ಅಂಗಡಿ ಸುತ್ತುತ್ತಿದ್ದ ವಾರದಲ್ಲಿ ಕಾರು ಹೇಗೂ ಸ್ಟ್ಯಾಂಡಿನ ಮೇಲೆ ನಿಂತಿತ್ತಾದ್ದರಿಂದ ಮುಂಗಾಲಿಯ ಗ್ರೀಸಿನ ಕೆಲಸವನ್ನೂ ಮುಗಿಸಿದ್ದೆ. ಮೈನರ್ ಇಟ್ಟುಕೊಂಡವರು ಬೇರೆ ಏನನ್ನು ಮರೆತರೂ ಇದನ್ನು ಮರೆಯಬಾರದು. ಮುಂದಿನ ಚಕ್ರಗಳು ತಿರುಗುವುದು ಮೇಲೆ ಕೆಳಗೆ ಒಂದೊಂದು ಟ್ರನಿಯನ್ನಿನ ಮೇಲೆ; ಬೋಲ್ಟು ನಟ್ಟಿನಂತೆ ಮರೆ, ಎಂದರೆ ತಿರುಪಿನ ಸುರುಳಿ ಗೆರೆ, ಇರುವ ಜೋಡಣೆ ಅದು, ಕಾರಿನ ಮುಂಭಾಗದ ಭಾರವೆಲ್ಲ ಆ ಮರೆಗಳ ಮೇಲೆ ನಿಂತಿರುತ್ತದೆ. ಪ್ರತಿ ಸಾವಿರ ಮೈಲಿಗೆ, ಎಂದರೆ 1600 ಕಿ.ಮೀ.ಗೆ, ಗ್ರೀಸ್ ಕೊಡದಿದ್ದರೆ ಮರೆ ಸವೆದು, ಒಂದು ದಿನ ಸ್ಟಿಯರಿಂಗ್ ತಿರುಗಿಸುವಾಗ ಚಕ್ರ ಒಳಮಡಿಚಿ ಕಾರು ಮುಗ್ಗರಿಸುತ್ತದೆ. ಚಕ್ರ ನೆಲ ಬಿಟ್ಟಿರುವಾಗಲೇ ಗ್ರೀಸ್ ಒತ್ತಬೇಕು, ಭಾರ ಬಿದ್ದಿರುವ ಮರೆಯ ನಡುವೆ ಅದು ನುಗ್ಗುವುದಿಲ್ಲ. ಎಡಗಡೆಯ ಕೆಳಗಿನ, ಗ್ರೀಸ್ ಒಳಹೋಗುವ ನಿಪ್ಪಲ್ ಎಷ್ಟು ಒತ್ತಿದರೂ ಒಳಗೆ ತೆಗೆದುಕೊಳ್ಳಲಿಲ್ಲ, ಗ್ರೀಸ್ ಗನ್ನಿನ ಬಾಯಿಂದಲೇ ಹೊರಗೆ ಹಿಸುಕಿ ಬಂದಿತು. ನಿಪ್ಪಲ್ ಬಿಚ್ಚಿದರೆ ಹಳೆಯ ಗ್ರೀಸ್ ಮೇಣದಂತೆ ಗಟ್ಟಿಯಾಗಿತ್ತು. ಸೀಮೆಎಣ್ಣೆಯಲ್ಲಿ ಒಂದು ರಾತ್ರಿ ನೆನೆಸಿ, ರಂಧ್ರವನ್ನು ಸೈಕಲ್ ಕಡ್ಡಿಯಿಂದ ಬಿಡಿಸಿ, ಮತ್ತೆ ಒತ್ತಿದಾಗ ಮೊದಲು ತುಕ್ಕಿನ ಬಣ್ಣದ ನೀರು, ಬಳಿಕ ಕಪ್ಪು ಗ್ರೀಸ್, ಕೊನೆಗೆ ಹೊಸ ಗ್ರೀಸ್ ಅಂಚಿನಲ್ಲಿ ಇಣುಕಿತು. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಆಟವಿಲ್ಲ. ಸಮಯಕ್ಕೆ ಸಿಕ್ಕಿತು.

ಏಪ್ರಿಲ್ ಕೊನೆಯ ವಾರ, ಮಧ್ಯಾಹ್ನ ಮೂರು ಗಂಟೆಯ ಬಿಸಿಲಿನಲ್ಲಿ, ದೊಡ್ಡಪ್ಪನವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಸವನಗುಡಿಯಿಂದ ಹೆಬ್ಬಾಳಕ್ಕೆ ಹೋಗಿ ಬಂದೆ. ಹೋಗುವಾಗ ಮೇಖ್ರಿ ಸರ್ಕಲ್ಲಿನಲ್ಲಿ, ಬರುವಾಗ ಟೌನ್‌ಹಾಲಿನ ಮುಂದೆ ಸಾಕಷ್ಟು ಹೊತ್ತು ನಿಂತೆವು. ಒಟ್ಟು ಎರಡು ಗಂಟೆ ಹತ್ತು ನಿಮಿಷ, ಎಂಜಿನ್ ಒಮ್ಮೆಯೂ ಆರಲಿಲ್ಲ. ಮನೆಗೆ ಬಂದೊಡನೆ ಬಾನೆಟ್ ಎತ್ತಿ ಕಾಯಿಲ್ ಹಿಡಿದು ನೋಡಿದೆ; ಬಿಸಿಯಾಗಿತ್ತು, ಆದರೆ ಕೈ ತೆಗೆಯಬೇಕೆನ್ನಿಸುವಷ್ಟಲ್ಲ. ಅಂದಿನಿಂದ 800 ಕಿ.ಮೀ. ಓಡಿದ ಮೇಲೆ ಕಳೆದ ಭಾನುವಾರ ಡಿಸ್ಟ್ರಿಬ್ಯೂಟರ್ ತೆರೆದೆ. ಪಾಯಿಂಟುಗಳ ಮುಖ ಬೂದು ಬಣ್ಣಕ್ಕಿದೆ, ಗುಬಟಿಲ್ಲ, ಅಂತರ 0.36 ಮಿ.ಮೀ.ಗೆ ಬಂದಿತ್ತು, 0.38ಕ್ಕೆ ತಂದು ಮುಚ್ಚಿದೆ. ಡೈನಮೊ ಬೆಲ್ಟಿನ ಅಂಚು ಮಾತ್ರ ಎಳೆ ಬಿಡುತ್ತಿದೆ, ಈ ವಾರ ಮತ್ತೆ ಜೆ.ಸಿ. ರಸ್ತೆಗೆ ಹೋಗಬೇಕು.